ಲಘು ಪೇಲ್ ಏಲ್: ಅದರ ಗೃಹಪಾಕವೂ ‘ಕಿಣ್ವ’ ಶಬ್ದದ ಅರ್ಥವಿಚಾರವೂ

೧. ವಿಷಯಪ್ರವೇಶ

ಧಾನ್ಯದಿಂದ ಸಿದ್ಧವಾಗುವ ಮದ್ಯಗಳಲ್ಲಿ ಬಟ್ಟಿಯಿಳಿಸಿದವು ಒಂದು ವರ್ಗ. ಹುದುಗಿಸಿ ಹಾಗೆಯೇ ಸೇವಿಸತಕ್ಕವು ಇನ್ನೊಂದು ವರ್ಗ. ಬಿಯರ್ ಎಂಬುದು ಎರಡನೆಯ ವರ್ಗಕ್ಕೆ ಸೇರಿದುದು. ಅದರಲ್ಲಿಯೂ ಸುಮಾರು ೧೮ರಿಂದ ೨೨ ಡಿಗ್ರಿ ಸೆಂಟಿಗ್ರೇಡಿನ ಉಷ್ಣದಲ್ಲಿ ಹುದುಗತಕ್ಕುದನ್ನು ಇಂಗ್ಲಿಷರು ಏಲ್ ಎಂದು ಕರೆಯುತ್ತಾರೆ. ಮೊಳೆಯಿಸಿದ ಬಾರ್ಲಿಯನ್ನು, ಅಂದರೆ ಜವೆಯನ್ನು, ಕಂದುಬಣ್ಣಕ್ಕೆ ಹುರಿಯದೆ ಹದವರಿತು ಒಣಗಿಸಿ, ಅದರಿಂದ ಮಾಡಿದ ತಿಳಿಬಣ್ಣದ ಏಲಿಗೆ ಪೇಲ್ ಏಲ್ ಎಂದು ಹೆಸರು. ಇದರಲ್ಲಿ ಮದ್ಯಸಾರವು ನೂರಕ್ಕೆ ೪ ಅಂಶವನ್ನು ಮೀರದಿದ್ದರೆ, ಗೆಳೆಯರ ಗೋಷ್ಠಿಯಲ್ಲಿ ಬಹಳ ಹೊತ್ತು ಕುಳಿತು ಕುಡಿಯಲು ತಕ್ಕುದೆಂಬ ಅರ್ಥದಲ್ಲಿ ‘ಸೆಷನ್’ ಏಲ್ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ಗೋಷ್ಠಿಯ ಏಲ್ ಎಂದರೆ ತಪ್ಪಾಗಲಾರದು.

ಈ ಏಲಿನ ಪಾಕವು ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ನೂರಕ್ಕೆ ೭ ಅಥವಾ ೮ ಅಂಶ ಮದ್ಯಸಾರವಿರುವ ಪಾನೀಯದಲ್ಲಿ ಧಾನ್ಯದ ಸಾರವು ಸಮೃದ್ಧವಾಗಿರುವುದರಿಂದ ಸಣ್ಣಪುಟ್ಟ ದೋಷಗಳು ಅದರ ಮರೆಯಲ್ಲಿ ಅಡಗುತ್ತವೆ. ಲಘುವಾದ ಏಲಿನಲ್ಲಿ ಅಡಗುವುದಕ್ಕೆ ಮರೆಯೇ ಇಲ್ಲ. ಧಾನ್ಯವನ್ನು ಕಡಿಮೆಮಾಡಿದರೆ ಪಾನೀಯವು ನೀರುನೀರಾಗುತ್ತದೆ. ಹಾಪ್ ಹೂವನ್ನು ಹೆಚ್ಚಿಸಿದರೆ ಕಹಿಯು ನಾಲಗೆಗೆ ಒರಟಾಗಿ ತಾಗುತ್ತದೆ. ಬಲವನ್ನು ಹೆಚ್ಚಿಸದೆ ಮೈತುಂಬಿಸುವುದು ಹೇಗೆ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಇದಕ್ಕೆ ಉತ್ತರವು ಕಿಣ್ವವೆಂದರೇನು, ಹುದುಗೆಂದರೇನು ಎಂಬ ವಿವೇಕದಲ್ಲಿದೆ. ಈಗಿನ ಕನ್ನಡ ಪರಿಭಾಷೆಯಲ್ಲಿ ಈ ಎರಡು ವಸ್ತುಗಳ ಹೆಸರುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಮೊದಲು ಆ ಶಬ್ದವಿಚಾರವನ್ನು ಮಾಡಿ, ಆಮೇಲೆ ಪಾಕಕ್ರಮವನ್ನು ನಿರೂಪಿಸುವುದು ಯುಕ್ತವಾಗಿದೆ.

೨. ಪ್ರಾಚೀನ ಪರಿಭಾಷೆ

ಮೊಳೆತ ಧಾನ್ಯದಿಂದ ಮದ್ಯವನ್ನು ಮಾಡುವ ವಿಧಾನವು ಭರತಖಂಡಕ್ಕೆ ಹೊಸದಲ್ಲ. ಯಜುರ್ವೇದದಲ್ಲಿ ವಿಹಿತವಾದ ಸೌತ್ರಾಮಣಿಯೆಂಬ ಯಾಗದ ಪ್ರಕರಣದಲ್ಲಿ ಸುರೆಯ ಸಾಮಗ್ರಿಗಳಾಗಿ ಶಷ್ಪ, ತೋಕ್ಮ, ಲಾಜ, ನಗ್ನಹು ಎಂಬ ಹೆಸರುಗಳು ಬರುತ್ತವೆ. ಇವುಗಳಲ್ಲಿ ಮೊದಲಿನ ಎರಡೂ ಮೊಳೆತ ಧಾನ್ಯಗಳೆಂದು ವ್ಯಾಖ್ಯಾನಕಾರರು ಅರ್ಥಮಾಡುತ್ತಾರೆ, ಮೂರನೆಯದು ಅರಳು, ನಾಲ್ಕನೆಯದು ಹುದುಗಿಸುವ ದ್ರವ್ಯ. ಈ ನಗ್ನಹುವಿಗೆ ಕಿಣ್ವವು ಪರ್ಯಾಯಪದವೆಂದು ಅಮರಕೋಶದಿಂದ ತಿಳಿದುಬರುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇನ್ನೂ ವಿಶದವಾದ ವಿವರಣೆಯಿದೆ. ಮೈಸೂರಿನ ಪ್ರಾಚ್ಯಕೋಶಾಗಾರದ ಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದುಂಟು. ಉದ್ದಿನ ಕಲ್ಕಕ್ಕೆ ಅಕ್ಕಿಯನ್ನೂ ಮೋರಟವೇ ಮೊದಲಾದ ಮೂಲಿಕೆಗಳನ್ನೂ ಸೇರಿಸಿ ಕಿಣ್ವವನ್ನು ಮಾಡುವ ಬಗೆಯನ್ನು ಅಲ್ಲಿ ತೂಕಸಹಿತವಾಗಿ ವಿಧಿಸಿದೆ. ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ, ಇವುಗಳಿಂದ ಮೇದಕವೆಂಬ ಮದ್ಯವಾಗುತ್ತದೆ. ಮದ್ಯದ ತಯಾರಿಕೆಯನ್ನು ರಾಜನ ಅಧೀನದಲ್ಲಿ ಬಿಗಿಯಾಗಿ ಇಟ್ಟಿದ್ದ ಆ ಶಾಸ್ತ್ರಕಾರನೇ, ವಿಶೇಷ ಕಾರ್ಯಗಳಲ್ಲಿ ಗೃಹಸ್ಥರು ಶ್ವೇತಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮನೆಯಲ್ಲಿ ಮಾಡಿಕೊಳ್ಳಬಹುದೆಂದು ಅನುಮತಿಯಿತ್ತಿರುವುದು ಗಮನಾರ್ಹವಾಗಿದೆ.

ಈ ಪ್ರಾಚೀನ ಕಿಣ್ವದೊಳಗೆ ಏನಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಈಶಾನ್ಯ ಭಾರತದಲ್ಲಿ ಅಕ್ಕಿಯ ಮದ್ಯಕ್ಕಾಗಿ ಇಂದಿಗೂ ಬಳಸುವ ಹುದುಗಿನ ಬಿಲ್ಲೆಗಳನ್ನು ಪರೀಕ್ಷಿಸಿದರೆ ಅವುಗಳಲ್ಲಿ ಬೂಷ್ಟೂ ಯೀಸ್ಟ್ ಎಂಬ ಸೂಕ್ಷ್ಮಜೀವಿಯೂ ಒಟ್ಟಿಗೆ ಇರುತ್ತವೆ. ಬೂಷ್ಟು ಅಕ್ಕಿಯ ಪಿಷ್ಟವನ್ನು ಸಕ್ಕರೆಯನ್ನಾಗಿ ಒಡೆಯುತ್ತದೆ. ಯೀಸ್ಟ್ ಆ ಸಕ್ಕರೆಯನ್ನು ಮದ್ಯಸಾರವನ್ನಾಗಿ ಮಾಡುತ್ತದೆ. ಎರಡು ಕೆಲಸಗಳೂ ಒಂದೇ ಮಡಕೆಯಲ್ಲಿ ಒಂದೇ ಕಾಲದಲ್ಲಿ ನಡೆಯುವುದರಿಂದ ಎರಡಕ್ಕೂ ಒಂದೇ ಹೆಸರು ಸಾಕಾಯಿತು. ಮದಶಕ್ತಿಯು ಕಿಣ್ವಾದಿಗಳ ಸಂಯೋಗದಿಂದ ಹುಟ್ಟುವಂತೆ ಚೈತನ್ಯವು ಭೂತಗಳ ಸಂಯೋಗದಿಂದ ಹುಟ್ಟುತ್ತದೆಂಬ ಚಾರ್ವಾಕರ ದೃಷ್ಟಾಂತವನ್ನು ೧೪ನೆಯ ಶತಮಾನದ ಸರ್ವದರ್ಶನಸಂಗ್ರಹವು ಅನುವಾದಿಸುತ್ತದೆ. ಆ ದೃಷ್ಟಾಂತದಲ್ಲಿಯೂ ಕಿಣ್ವವು ಅವಿಭಕ್ತವಾದ ಒಂದೇ ವಸ್ತುವಾಗಿ ತೋರುತ್ತದೆ.

೩. ಇಬ್ಬರು ಕರ್ತೃಗಳು

ಯೂರೋಪಿನ ಪದ್ಧತಿಯಲ್ಲಿ ಈ ಎರಡು ಕೆಲಸಗಳು ಬೇರೆಬೇರೆ ಕಾಲದಲ್ಲಿ ನಡೆಯುತ್ತವೆ. ನಡುವೆ ರಸವನ್ನು ಕುದಿಸುವುದರಿಂದ ಒಂದರ ಸೀಮೆಯು ಮುಗಿದ ಮೇಲೆಯೇ ಇನ್ನೊಂದರದು ಆರಂಭವಾಗುತ್ತದೆ. ಆದುದರಿಂದ ಅವುಗಳ ಭೇದವು ಅಲ್ಲಿಯ ಶಾಸ್ತ್ರಜ್ಞರಿಗೆ ಗೋಚರವಾಗಲು ಅನುಕೂಲವಾಯಿತು. ಪಾಯೆನ್ ಮತ್ತು ಪೆರ್ಸೊ ಎಂಬ ಫ್ರೆಂಚ್ ರಸಾಯನಜ್ಞರು ೧೮೩೩ರಲ್ಲಿ ಮೊಳೆತ ಬಾರ್ಲಿಯಿಂದ ಪಿಷ್ಟವನ್ನು ಒಡೆಯುವ ದ್ರವ್ಯವೊಂದನ್ನು ಬೇರ್ಪಡಿಸಿ ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಯೀಸ್ಟ್ ಒಂದು ಜೀವಿಯೆಂಬುದನ್ನು ೧೮೩೭ರಲ್ಲಿ ಕಾನ್ಯಾರ್ ದ ಲಾ ತೂರನೂ ಜರ್ಮನಿಯ ಶ್ವಾನನೂ ಸ್ವತಂತ್ರವಾಗಿ ಪ್ರತಿಪಾದಿಸಿದರು. ಹುದುಗುವಿಕೆಯು ಆ ಜೀವಿಯ ವ್ಯಾಪಾರವೆಂದು ಪಾಶ್ಚರನು ಸ್ಥಾಪಿಸಿದನು. ೧೮೭೭ರಲ್ಲಿ ಕ್ಯೂನ್ ಎಂಬ ಜರ್ಮನ್ ಪಂಡಿತನು ‘ಎನ್‌ಜೈಮ್’ ಎಂಬ ಶಬ್ದವನ್ನು ಸೃಷ್ಟಿಸಿದನು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥವು ‘ಹುದುಗಿನೊಳಗಿನದು’ ಎಂದಾಗುತ್ತದೆ. ೧೮೯೭ರಲ್ಲಿ ಬೂಖ್ನರನು ಯೀಸ್ಟನ್ನು ಅರೆದು ಹಿಂಡಿ ತೆಗೆದ, ಜೀವಕೋಶವಿಲ್ಲದ ರಸದಿಂದಲೂ ಸಕ್ಕರೆಯು ಹುದುಗುವುದನ್ನು ತೋರಿಸಿದನು. ಇದಕ್ಕಾಗಿ ಅವನಿಗೆ ೧೯೦೭ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಕನ್ನಡದ ವಿಜ್ಞಾನ ಪರಿಭಾಷೆಯು ಎನ್‌ಜೈಮಿಗೆ ಕಿಣ್ವವೆಂಬ ಹಳೆಯ ಶಬ್ದವನ್ನೇ ಆರಿಸಿಕೊಂಡಿತು. ಹುದುಗುವಿಕೆಗೆ ಕಿಣ್ವನವೆಂಬ ಹೆಸರೂ ಬಂದಿತು. ಹುದುಗುವಿಕೆಯೂ ಕೊನೆಗೆ ಯೀಸ್ಟಿನೊಳಗಣ ಎನ್‌ಜೈಮುಗಳ ಕಾರ್ಯವೇ ಎಂದು ಬೂಖ್ನರನಿಂದ ಸಿದ್ಧವಾಗಿರುವುದರಿಂದ ಈ ಪ್ರಯೋಗವು ಅಸಾಧುವಲ್ಲ. ಆದರೆ ಒಲೆಯ ಮುಂದೆ ನಿಂತವನಿಗೆ ಇಷ್ಟು ಸಾಲದು. ಹೆಪ್ಪು ಹಾಕಿದ ಹಾಲಿನಲ್ಲಿ ಹೆಪ್ಪು ತಾನೇ ಬೆಳೆದು, ಮಾರನೆಯ ದಿನದ ಹಾಲಿಗೂ ಒದಗುತ್ತದೆ. ಯೀಸ್ಟಿನ ಸ್ವಭಾವವೂ ಹಾಗೆಯೇ. ಕಿಣ್ವವು ಬೆಳೆಯುವುದಿಲ್ಲ, ಮರಿಹಾಕುವುದಿಲ್ಲ. ಮೊಳೆಯಿಸಿದ ರಾಗಿಯ ಹಿಟ್ಟಿನ ಗಂಜಿಯು ಮೊಳೆಯಿಸದ ರಾಗಿಯ ಗಂಜಿಗಿಂತ ತೆಳ್ಳಗಾಗುವುದು ಕಿಣ್ವದಿಂದ. ಅಲ್ಲಿ ಹುದುಗುವಿಕೆಯೇನೂ ಇಲ್ಲ. ಆದುದರಿಂದ ಪಾಕವಿಚಾರದಲ್ಲಿ ಎನ್‌ಜೈಮನ್ನು ಮಾತ್ರ ಕಿಣ್ವವೆಂದೂ, ಯೀಸ್ಟನ್ನು ಹುದುಗು ಅಥವಾ ಯೀಸ್ಟ್ ಎಂದೂ ನಿಯಮದಿಂದ ವ್ಯವಹರಿಸುವುದು ಶ್ರೇಯಸ್ಕರವಾಗಿದೆ. ಮುಂದಿನ ನಿರೂಪಣದಲ್ಲಿ ಈ ನಿಯಮವನ್ನೇ ಅನುಸರಿಸಿದೆ.

೪. ಲಘು ಏಲಿನ ಚರಿತ್ರೆ

ಇಂಗ್ಲೆಂಡಿನಲ್ಲಿ ಏಲ್ ಎಂಬ ಹೆಸರು ಮೊದಲು ಹಾಪ್ ಇಲ್ಲದ ಪಾನೀಯಕ್ಕೆ ಸಲ್ಲುತ್ತಿತ್ತು. ೧೫ನೆಯ ಶತಮಾನದ ಸುಮಾರಿಗೆ ಎದುರು ದಡದ ನೆದರ್‌ಲೆಂಡ್ಸ್ ಪ್ರಾಂತಗಳಿಂದ ಬಂದು ನೆಲೆಗೊಂಡ ಹಾಪ್ ಪಾನೀಯವನ್ನು ಬಿಯರ್ ಎಂದು ಬೇರೆಯಾಗಿ ಕರೆಯುತ್ತಿದ್ದರು. ಕಾಲಾನಂತರದಲ್ಲಿ ಎರಡಕ್ಕೂ ಹಾಪ್ ಸೇರಿತು. ಹಾಪ್ ಒಂದು ಬಳ್ಳಿ; ಸಸ್ಯಶಾಸ್ತ್ರದಲ್ಲಿ ಹ್ಯೂಮ್ಯುಲಸ್ ಲ್ಯೂಪ್ಯುಲಸ್ ಎಂದು ಅದರ ನಾಮ. ಗಂಡು ಹೆಣ್ಣು ಬಳ್ಳಿಗಳು ಬೇರೆಬೇರೆ. ಹೆಣ್ಣು ಬಳ್ಳಿಯ ಹೂಗೊಂಚಲಿನ ಎಸಳುಗಳ ಬುಡದಲ್ಲಿರುವ ಹಳದಿಯ ಪುಡಿಯಲ್ಲಿ ಕಹಿಯ ರಾಳವೂ ಸುಗಂಧತೈಲವೂ ಇವೆ. ಆ ಕಹಿಯು ರುಚಿಗೆ ಮಾತ್ರವಲ್ಲದೆ, ಪಾನೀಯವನ್ನು ಹುಳಿಗೆಡಿಸುವ ಅನೇಕ ಸೂಕ್ಷ್ಮಜೀವಿಗಳನ್ನು ತಡೆಯುವುದಕ್ಕೂ ಉಪಯುಕ್ತವಾಗಿದೆ.

ಹೆಚ್ಚು ಹಾಪ್ ಹಾಕಿದ ತಿಳಿ ಏಲಿಗೆ ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರು ಬಂದುದು ಈ ದೇಶದ ಸಂಬಂಧದಿಂದಲೇ. ೧೮ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಪೂರ್ವಕ್ಕಿರುವ ಬೋ ಎಂಬಲ್ಲಿಯ ಹಾಡ್ಜ್‌ಸನ್ ಮನೆತನದವರ ಬಿಯರನ್ನು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಕಲ್ಕತ್ತೆ, ಮದರಾಸುಗಳಿಗೆ ತರುತ್ತಿದ್ದವು. ೧೮೨೦ರ ದಶಕದಲ್ಲಿ ಬರ್ಟನ್ ಊರಿನ ಆಲ್‌ಸಪ್ ಮೊದಲಾದವರು ಈ ವ್ಯಾಪಾರಕ್ಕೆ ಇಳಿದರು. ಬರ್ಟನ್ನಿನ ಬಾವಿಗಳ ನೀರಿನಲ್ಲಿ ಜಿಪ್ಸಮ್ ಹೇರಳವಾಗಿರುವುದರಿಂದ ಅಲ್ಲಿಯ ಏಲಿನಲ್ಲಿ ಹಾಪಿನ ಕಹಿಯು ಶುದ್ಧವಾಗಿ, ಚುರುಕಾಗಿ ತೋರುತ್ತಿತ್ತು. ಸಮುದ್ರಯಾನಕ್ಕಾಗಿ ಆ ಏಲನ್ನು ಅತಿ ಬಲವಾಗಿ ಮಾಡುತ್ತಿದ್ದರೆಂಬ ಮಾತು ಪ್ರಚಾರದಲ್ಲಿದ್ದರೂ, ಆ ಕಾಲದ ಗಟ್ಟಿ ಏಲುಗಳ ಮುಂದೆ ಅದು ಬಲವಾದುದೇನೂ ಅಲ್ಲ. ಹಾಪ್ ಮಾತ್ರ ಅಧಿಕವಾಗಿತ್ತು.

ಬಲವು ಇಳಿದುದಕ್ಕೆ ರಾಜ್ಯದ ತೆರಿಗೆಯೂ ಯುದ್ಧವೂ ಕಾರಣಗಳಾದವು. ೧೮೮೦ರಲ್ಲಿ ಗ್ಲ್ಯಾಡ್‌ಸ್ಟನ್ ಪ್ರಧಾನಿಯು ಮಾಲ್ಟಿನ, ಅಂದರೆ ಮೊಳೆಯಿಸಿ ಒಣಗಿಸಿದ ಬಾರ್ಲಿಯ, ಮೇಲಿನ ತೆರಿಗೆಯನ್ನು ತೆಗೆದು, ಹುದುಗುವ ಮುನ್ನ ರಸಕ್ಕಿರುವ ಗುರುತ್ವದ ಮೇಲೆ ತೆರಿಗೆಯನ್ನು ವಿಧಿಸಿದನು. ನೀರಿನ ಗುರುತ್ವವನ್ನು ೧೦೦೦ ಎಂದಿಟ್ಟುಕೊಂಡರೆ, ೧೯೧೪ಕ್ಕೆ ಮುಂಚೆ ಬ್ರಿಟನ್ನಿನ ಬಿಯರುಗಳ ಸರಾಸರಿ ಆದಿಗುರುತ್ವವು ಸುಮಾರು ೧೦೫೨ ಇದ್ದಿತು. ಮೊದಲನೆಯ ಮಹಾಯುದ್ಧದಲ್ಲಿ ಧಾನ್ಯದ ಅಭಾವದಿಂದ ಸರ್ಕಾರವು ನಿರ್ಬಂಧಗಳನ್ನು ವಿಧಿಸಲು, ೧೯೧೮ರ ವೇಳೆಗೆ ಅದು ೧೦೩೦ರ ಹತ್ತಿರಕ್ಕೆ ಇಳಿಯಿತು. ಯುದ್ಧಾನಂತರ ಸ್ವಲ್ಪ ಏರಿತಾದರೂ ಮೊದಲಿನ ಮಟ್ಟವನ್ನು ಮುಟ್ಟಲಿಲ್ಲ. ಇಂಗ್ಲೆಂಡಿನ ಸಾಮಾನ್ಯ ಬಿಟರ್ ಏಲಿನ ಲಘುತ್ವವು ಹೀಗೆ ಅಭಾವಕಾಲದಲ್ಲಿ ಕಲಿತ ಮಿತವ್ಯಯದ ಫಲವೆನ್ನಬಹುದು.

ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಅಲ್ಲಿ ಬೇಕಾಗಿದ್ದ ಪರವಾನಗಿಯನ್ನು ೧೯೬೩ರಲ್ಲಿ ರದ್ದುಮಾಡಿದರು. ಅಮೆರಿಕದಲ್ಲಿ ೧೯೭೮ರಲ್ಲಿ ಅಧ್ಯಕ್ಷ ಕಾರ್ಟರನು ಅಂಕಿತಹಾಕಿದ ಕಾನೂನಿನಿಂದ ಗೃಹಪಾಕದ ಬಿಯರಿಗೆ ಕೇಂದ್ರದ ತೆರಿಗೆಯಿಂದ ವಿನಾಯಿತಿ ದೊರೆಯಿತು. ಅಮೆರಿಕದ ಹೊಸ ಹಾಪ್ ತಳಿಗಳಲ್ಲಿ ೧೯೭೨ರಲ್ಲಿ ಹೊರಬಂದ ಕ್ಯಾಸ್ಕೇಡ್ ಪ್ರಸಿದ್ಧವಾದುದು; ಅದರಲ್ಲಿ ಚಕೋತದಂಥ ಹಣ್ಣಿನ ಪರಿಮಳವಿದೆ. ಇಂಗ್ಲೆಂಡಿನ ಲಘುತ್ವವೂ ಅಮೆರಿಕದ ಹಾಪಿನ ಪರಿಮಳವೂ ಕೂಡಿದುದೇ ಪ್ರಕೃತ ಏಲು.

೫. ದ್ರವ್ಯಗಳೂ ಪ್ರಮಾಣವೂ

ಇಪ್ಪತ್ತು ಲೀಟರ್ ಏಲಿಗೆ ತಿಳಿ ಮಾಲ್ಟ್ ೩ ಕಿಲೋಗ್ರಾಂ, ಓಟ್ಸ್ ಅವಲಕ್ಕಿ ೩೦೦ ಗ್ರಾಂ, ಕ್ಯಾರಮೆಲಿನಂತೆ ಹುರಿದ ಕ್ರಿಸ್ಟಲ್ ಮಾಲ್ಟ್ ೨೫೦ ಗ್ರಾಂ ಸಾಕಾಗುತ್ತವೆ. ಒಂದು ಕಿಲೋಗ್ರಾಂ ಧಾನ್ಯದಿಂದ ಮನೆಯ ಪಾತ್ರೆಗಳಲ್ಲಿ ಸುಮಾರು ೨೨೫ ಲೀಟರ್-ಅಂಶಗಳಷ್ಟು ಸಾರವು ದೊರೆಯುವುದೆಂದು ಲೆಕ್ಕಹಾಕಿದರೆ, ೩.೫೫ ಕಿಲೋಗ್ರಾಮಿಗೆ ೮೦೦ ಅಂಶಗಳಾಗುತ್ತವೆ. ಅವನ್ನು ೨೦ರಿಂದ ಭಾಗಿಸಲು ೪೦ ಬರುತ್ತದೆ. ಎಂದರೆ ಆದಿಗುರುತ್ವವು ೧೦೪೦. ಹುದುಗಿದ ಮೇಲೆ ಅದು ೧೦೧೧ಕ್ಕೆ ಇಳಿದರೆ, ವ್ಯತ್ಯಾಸವಾದ ೨೯ನ್ನು ೦.೧೩೧ರಿಂದ ಗುಣಿಸಲು ಮದ್ಯಸಾರವು ನೂರಕ್ಕೆ ೩.೮ ಅಂಶವೆಂದು ತಿಳಿಯುತ್ತದೆ.

ಹಾಪಿನ ಕಹಿಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಅಳೆಯುತ್ತಾರೆ. ಇದು ಆದಿಗುರುತ್ವದ ಕೊನೆಯ ಎರಡಂಕಿಗಳಿಗೆ ಸ್ವಲ್ಪ ಕಡಿಮೆಯಾಗಿ, ಅಂದರೆ ೩೫ರ ಸುಮಾರಿಗೆ, ಇದ್ದರೆ ಹದವಾಗಿರುತ್ತದೆ. ಕಹಿಯ ಆಮ್ಲವು ನೂರಕ್ಕೆ ೧೦ ಅಂಶವಿರುವ ಹಾಪಾದರೆ, ಒಂದು ಗಂಟೆ ಕುದಿಯುವಂತೆ ೧೫ ಗ್ರಾಂ, ಕೊನೆಯ ೧೦ ನಿಮಿಷ ಕುದಿಯುವಂತೆ ೩೦ ಗ್ರಾಂ, ಒಲೆಯಿಂದ ಇಳಿಸಿ ೮೦ ಡಿಗ್ರಿಗೆ ಆರಿದ ಮೇಲೆ ೪೦ ಗ್ರಾಂ, ಹುದುಗುವಿಕೆಯ ಕೊನೆಯಲ್ಲಿ ತಣ್ಣಗಿರುವಾಗಲೇ ೬೦ ಗ್ರಾಂ ಹಾಕುವುದು ಕ್ರಮ. ಕಹಿಯು ದೀರ್ಘಕಾಲದ ಕುದಿತದಿಂದ ಹುಟ್ಟುತ್ತದೆ. ಪರಿಮಳವು ಕುದಿತದಿಂದ ಹಾರಿಹೋಗುತ್ತದೆ. ಆದಕಾರಣ ಮೊದಲು ಸ್ವಲ್ಪವನ್ನೂ ಕೊನೆಗೆ ಬಹಳವನ್ನೂ ಹಾಕಿದರೆ, ಲಘುವಾದ ಏಲು ಅಷ್ಟೊಂದು ಹಾಪನ್ನು ಒರಟಾಗದೆ ಧರಿಸಬಲ್ಲುದು.

ನೀರಿನಲ್ಲಿ ಕ್ಲೋರಿನ್ ಇರಕೂಡದು. ಬರ್ಟನ್ನಿನಷ್ಟು ಜಿಪ್ಸಮ್ ಇದ್ದರೆ ಲಘು ಏಲು ಒಣಗಿದಂತೆ ತೋರುವುದರಿಂದ, ಲೀಟರಿಗೆ ಸಲ್ಫೇಟು ೧೫೦, ಕ್ಲೋರೈಡು ೭೫ ಮಿಲಿಗ್ರಾಮಿನ ಆಸುಪಾಸಿನಲ್ಲಿದ್ದರೆ ಸಾಕು.

೬. ಪಾಕಕ್ರಮ

ತರಿಯಾಗಿ ಒಡೆದ ಮಾಲ್ಟನ್ನೂ ಉಳಿದ ಧಾನ್ಯಗಳನ್ನೂ ೭೪ ಡಿಗ್ರಿಗೆ ಕಾಯಿಸಿದ ೧೦ ಲೀಟರ್ ನೀರಿಗೆ ಸುರಿದು ಗಂಟಿಲ್ಲದಂತೆ ಕಲಸಿದರೆ ಮಿಶ್ರಣವು ೬೮ ಡಿಗ್ರಿಗೆ ನಿಲ್ಲುತ್ತದೆ. ಶಾಖವು ಹೋಗದಂತೆ ಪಾತ್ರೆಯನ್ನು ಮುಚ್ಚಿ ಒಂದು ಗಂಟೆ ಬಿಡಬೇಕು. ಲಘು ಏಲಿನ ರಹಸ್ಯವು ಈ ಒಂದು ಗಂಟೆಯಲ್ಲಿದೆ. ಮಾಲ್ಟಿನಲ್ಲಿ ಪಿಷ್ಟವನ್ನು ಒಡೆಯುವ ಮುಖ್ಯ ಕಿಣ್ವಗಳು ಎರಡು. ಬೀಟಾ-ಅಮೈಲೇಸ್ ಎಂಬುದು ಪಿಷ್ಟದ ಸರಪಣಿಯನ್ನು ತುದಿಯಿಂದ ಕಚ್ಚಿ, ಯೀಸ್ಟಿಗೆ ಪೂರ್ತಿಯಾಗಿ ಒದಗುವ ಮಾಲ್ಟೋಸ್ ಸಕ್ಕರೆಯನ್ನು ಕೊಡುತ್ತದೆ. ೬೦ರಿಂದ ೬೫ ಡಿಗ್ರಿಯವರೆಗೆ ಅದಕ್ಕೆ ಹಿತ, ಮೀರಿದರೆ ಬೇಗ ನಾಶ. ಆಲ್ಫಾ-ಅಮೈಲೇಸ್ ಎಂಬುದು ಸರಪಣಿಯನ್ನು ನಡುನಡುವೆ ಕತ್ತರಿಸುತ್ತದೆ. ಅದು ೭೦ ಡಿಗ್ರಿಯ ಸುಮಾರಿನಲ್ಲಿಯೂ ಕೆಲಸಮಾಡಬಲ್ಲುದು. ೬೮ ಡಿಗ್ರಿಯಲ್ಲಿ ಮೊದಲನೆಯದು ಬೇಗನೆ ಕುಗ್ಗಿ ಎರಡನೆಯದು ಪ್ರಬಲವಾಗುವುದರಿಂದ, ಯೀಸ್ಟು ತಿನ್ನಲಾರದ ಡೆಕ್ಸ್‌ಟ್ರಿನ್ನುಗಳು ಹೆಚ್ಚು ಉಳಿಯುತ್ತವೆ. ಅವು ಮದ್ಯಸಾರವಾಗುವುದಿಲ್ಲ, ಸಿಹಿಯನ್ನೂ ಅಷ್ಟಾಗಿ ಕೊಡುವುದಿಲ್ಲ. ಪಾನೀಯಕ್ಕೆ ಮೈಯನ್ನು ಕೊಡುತ್ತವೆ. ಬಲವಾದ ಏಲಿಗೆ ೬೫ ಡಿಗ್ರಿಯೂ, ಲಘುವಾದುದಕ್ಕೆ ೬೮ ಡಿಗ್ರಿಯೂ ಹಿತವೆಂಬ ಪಾಕಜ್ಞರ ಮಾತಿಗೆ ಕಾರಣವು ಇದೇ.

ಆಮೇಲೆ ಸಿಹಿರಸವನ್ನು ಬಸಿದು, ಧಾನ್ಯದ ಮೇಲೆ ೭೫ ಡಿಗ್ರಿಯ ನೀರನ್ನು ಮೆಲ್ಲಗೆ ಹೊಯ್ಯುತ್ತ ಒಟ್ಟು ೨೪ ಲೀಟರ್ ರಸವನ್ನು ಕೂಡಿಸಬೇಕು. ಬಸಿಯುವ ರಸದ ಗುರುತ್ವವು ೧೦೧೦ಕ್ಕಿಂತ ಇಳಿಯುವಷ್ಟು ತೊಳೆದರೆ ಸಿಪ್ಪೆಯ ಒಗರು ಬರುತ್ತದೆ. ಧಾನ್ಯವು ಅಲ್ಪವಾಗಿರುವ ಈ ಏಲಿನಲ್ಲಿ ಆ ದೋಷವು ಸುಲಭವಾಗಿ ಸಂಭವಿಸುವುದರಿಂದ, ಕೊರತೆಯನ್ನು ಬರಿಯ ನೀರಿನಿಂದ ತುಂಬುವುದೇ ಮೇಲು. ಅನಂತರ ಒಂದು ಗಂಟೆ ಕುದಿಸುವುದರಿಂದ ಮಾಲ್ಟಿನ ಕಿಣ್ವಗಳು ಸಂಪೂರ್ಣವಾಗಿ ನಾಶವಾಗಿ, ೬೮ ಡಿಗ್ರಿಯಲ್ಲಿ ಆದ ವ್ಯವಸ್ಥೆಯು ಸ್ಥಿರವಾಗುತ್ತದೆ.

ಕುದಿಸಿದ ರಸವನ್ನು ಬೇಗನೆ ೧೮ ಡಿಗ್ರಿಗೆ ತಣಿಸಿ, ಶುಚಿಮಾಡಿದ ಪಾತ್ರೆಗೆ ತುಂಬಿ, ಇಂಗ್ಲಿಷ್ ಏಲಿನ ಯೀಸ್ಟನ್ನು ಸೇರಿಸಬೇಕು. ಈ ಜಾತಿಯ ಯೀಸ್ಟುಗಳಲ್ಲಿ ಸಕ್ಕರೆಯನ್ನು ಪೂರ್ತಿ ತಿಂದುಹಾಕದೆ ಸ್ವಲ್ಪ ಉಳಿಸುವಂಥವು ಇಲ್ಲಿಗೆ ಯೋಗ್ಯವಾದುವು. ಉಷ್ಣವು ೨೪ ಡಿಗ್ರಿಯನ್ನು ದಾಟಿದರೆ ತೀಕ್ಷ್ಣವಾದ ವಾಸನೆಗಳು ಹುಟ್ಟುತ್ತವೆ. ನಾಲ್ಕೈದು ದಿನಗಳಲ್ಲಿ ಹುದುಗುವಿಕೆಯ ಆರ್ಭಟವು ಅಡಗುತ್ತದೆ. ಆಗ ಪರಿಮಳದ ಹಾಪನ್ನು ಹಾಕಿ ಮೂರು ದಿನ ಬಿಡುತ್ತಾರೆ. ಇಲ್ಲಿಂದ ಮುಂದೆ ಗಾಳಿಯ ಸಂಪರ್ಕವನ್ನು ಎಷ್ಟು ತಪ್ಪಿಸಿದರೆ ಅಷ್ಟು ಒಳ್ಳೆಯದು. ಆಮ್ಲಜನಕವು ಹಾಪಿನ ಪರಿಮಳಕ್ಕೆ ಶತ್ರು.

೭. ಹಾಪಿನೊಳಗಣ ಕಿಣ್ವ

ಹೀಗೆ ಹಾಪನ್ನು ಹಾಕಿದ ಮೇಲೆ, ಮುಗಿದುಹೋಯಿತೆಂದು ತೋರಿದ್ದ ಹುದುಗುವಿಕೆಯು ಮತ್ತೆ ಚಿಗುರುವುದುಂಟು. ಕಿಣ್ವಗಳು ಕುದಿತದಲ್ಲಿ ಸತ್ತವಲ್ಲವೆ, ಹೊಸ ಸಕ್ಕರೆಯು ಎಲ್ಲಿಂದ ಬಂದಿತು ಎಂಬ ಸಂದೇಹವು ಸಹಜ. ಬರ್ಟನ್ನಿನಲ್ಲಿ ಕೆಲಸಮಾಡುತ್ತಿದ್ದ ಹೊರೇಸ್ ಬ್ರೌನ್ ಮತ್ತು ಮಾರಿಸ್ ಎಂಬ ರಸಾಯನಜ್ಞರು ೧೮೯೩ರಲ್ಲಿಯೇ ಇದಕ್ಕೆ ಸಮಾಧಾನವನ್ನು ಹೇಳಿದರು: ಹಾಪಿನಲ್ಲಿಯೂ ಡಯಾಸ್ಟೇಸ್ ಇದೆ. ಕುದಿಸದೆ ಹಾಕಿದ ಹಾಪಿನ ಕಿಣ್ವವು ಡೆಕ್ಸ್‌ಟ್ರಿನ್ನನ್ನು ಮತ್ತೆ ಸಕ್ಕರೆಯನ್ನಾಗಿ ಒಡೆಯುತ್ತದೆ. ಉಳಿದಿರುವ ಯೀಸ್ಟು ಅದನ್ನು ಹುದುಗಿಸುತ್ತದೆ. ನೂರು ವರ್ಷಗಳಿಗೂ ಹೆಚ್ಚು ಕಾಲ ಬಹುಮಟ್ಟಿಗೆ ಮರೆತಿದ್ದ ಈ ಸಂಗತಿಯು, ಹಾಪನ್ನು ಧಾರಾಳವಾಗಿ ಬಳಸುವ ಏಲುಗಳು ಈಚೆಗೆ ಹೆಚ್ಚಿದಂತೆ ಪುನಃ ಪರೀಕ್ಷೆಗೆ ಬಂದಿದೆ.

ಲಘು ಏಲಿಗೆ ಇದರಿಂದ ಎರಡು ಹಾನಿಗಳು. ಮೈಕೊಡಲೆಂದು ಉಳಿಸಿದ ಡೆಕ್ಸ್‌ಟ್ರಿನ್ ಕರಗಿ ಪಾನೀಯವು ತೆಳುವಾಗುವುದು ಮೊದಲನೆಯದು. ಎರಡನೆಯದು ಇನ್ನೂ ಭಯಂಕರವಾದುದು: ಈ ವ್ಯಾಪಾರವು ಮುಗಿಯುವ ಮುನ್ನವೇ ಸೀಸೆಗೆ ತುಂಬಿ ಬಿರಡೆಹಾಕಿದರೆ ಇಂಗಾಲಾಮ್ಲವಾಯುವಿನ ಒತ್ತಡವು ಏರಿ ಸೀಸೆಯು ಸಿಡಿಯಬಹುದು, ಗಾಜಿನ ಚೂರುಗಳಿಂದ ಕಣ್ಣಿಗೆ ಅಪಾಯವಾಗಬಹುದು. ಹಾಪಿನೊಡನೆ ಮೂರು ದಿನ ಕಳೆಯಿತೆಂಬ ಮಾತ್ರದಿಂದ ಸೀಸೆಗೆ ತುಂಬಕೂಡದು. ದ್ರವಮಾಪಕದಿಂದ ಗುರುತ್ವವನ್ನು ನೋಡಿ, ಎರಡು ದಿನಗಳ ಅಂತರದಲ್ಲಿ ಎರಡು ಸಲ ಒಂದೇ ಅಂಕವು ಬಂದ ಮೇಲೆಯೇ ಲೀಟರಿಗೆ ೫ ಗ್ರಾಂ ಸಕ್ಕರೆಯಂತೆ ಸೇರಿಸಿ ತುಂಬಬೇಕು. ಆ ಸಕ್ಕರೆಯು ಸೀಸೆಯೊಳಗೆ ಹುದುಗಿ ಎರಡು ವಾರಗಳಲ್ಲಿ ಹದವಾದ ನೊರೆಯನ್ನು ಕೊಡುತ್ತದೆ. ಹುದುಗು ಬೇರೆ, ಕಿಣ್ವ ಬೇರೆ ಎಂದು ತಿಳಿಯದವನಿಗೆ ಇಲ್ಲಿ ಅಪಾಯದ ಕಾರಣವೇ ಗೋಚರಿಸುವುದಿಲ್ಲ. ಹಾಪಿನಲ್ಲಿ ಹುದುಗಿಲ್ಲ, ಕಿಣ್ವವಿದೆ. ಶಬ್ದಭೇದವನ್ನು ಕಾಪಾಡುವುದರಿಂದ ದೇಹರಕ್ಷಣೆಯೂ ಆಗುವುದಕ್ಕೆ ಇದು ಒಳ್ಳೆಯ ಉದಾಹರಣೆ.

೮. ಉಪಸಂಹಾರ

ಮೇಲ್ಕಂಡ ಪಾಕವು ಗೃಹಸ್ಥರಿಗೆ ಅನುಮತಿಯಿರುವ ದೇಶಗಳಲ್ಲಿ ನಡೆಯುವಂಥದು. ಕರ್ನಾಟಕದಲ್ಲಿ ೧೯೬೫ರ ಅಬಕಾರಿ ಕಾಯಿದೆಯ ಮೇರೆಗೆ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದು ನಿಷಿದ್ಧವಾಗಿದೆ. ಕೌಟಿಲ್ಯನು ಗೃಹಸ್ಥರಿಗೆ ಕೊಟ್ಟ ವಿನಾಯಿತಿಯು ಇಲ್ಲಿ ಸಲ್ಲುವುದಿಲ್ಲ. ಆದರೂ ಇದರ ಶಾಸ್ತ್ರವು ಪಾನಮಾಡುವವರಿಗೆ ಮಾತ್ರ ಸೇರಿದುದಲ್ಲ. ರಾಗಿಯನ್ನು ಮೊಳೆಯಿಸುವ ಗೃಹಿಣಿಯೂ, ಇಡ್ಲಿಯ ಹಿಟ್ಟು ಉಬ್ಬುವುದನ್ನು ಕಾಯುವವಳೂ ಈ ಇಬ್ಬರು ಕರ್ತೃಗಳೊಡನೆಯೇ ವ್ಯವಹರಿಸುತ್ತಾರೆ: ಒಂದೆಡೆ ಕಿಣ್ವ, ಇನ್ನೊಂದೆಡೆ ಹುದುಗು.

ಇದುವರೆಗಿನ ವಿಚಾರದಿಂದ ಸಿದ್ಧವಾದುದೇನೆಂದರೆ: ಪ್ರಾಚೀನರ ಕಿಣ್ವವು ಎರಡು ಶಕ್ತಿಗಳ ಮಿಶ್ರಣವಾಗಿತ್ತು, ಆಧುನಿಕರ ಕಿಣ್ವವು ಅವುಗಳಲ್ಲಿ ಒಂದು ಮಾತ್ರ. ಲಘು ಏಲಿನ ಗುಣವು ಆ ಒಂದನ್ನು ಮೂರು ಡಿಗ್ರಿಗಳ ಅಂತರದಲ್ಲಿ ನಿಯಮಿಸುವುದರಿಂದ ಬರುತ್ತದೆ. ಅದರ ದೋಷವು ಅದೇ ಶಕ್ತಿಯು ಹಾಪಿನ ಮೂಲಕ ಮರಳಿ ಪ್ರವೇಶಿಸುವುದರಿಂದ ಬರುತ್ತದೆ. ಧಾನ್ಯವನ್ನು ಹೆಚ್ಚಿಸಿ ಬಲವಾದುದನ್ನು ಮಾಡುವುದಕ್ಕೆ ದ್ರವ್ಯವಿದ್ದರೆ ಸಾಕು. ಅಲ್ಪ ದ್ರವ್ಯದಿಂದ ತುಂಬಿದ ರುಚಿಯನ್ನು ತರುವುದಕ್ಕೆ ಅಳತೆಯೂ ತಾಳ್ಮೆಯೂ ಬೇಕು.